ಮಗನ ಸ್ಲೇಟು ಮತ್ತು ಎಮ್ಮೆಯ ಕ್ಷೌರ

ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋದರೆ ನನ್ನ ಸ್ಲೇಟು ಮೊಸರಿನ ಗಡಿಗೆಯ ಮೇಲೆ ಕೂತಿತ್ತು. ಮುಚ್ಚಳ ಸಿಗಲಿಲ್ಲವೆಂದು ಸೊಸೆ ಮಂಜುಳ ಅದನ್ನೇ ಮುಚ್ಚಿದ್ದಳು.

“ಅದು ಕತ್ತಿ ಮಸೆಯೋ ಕಲ್ಲು ಕಣೇ. ಮೊಸರು ಮುಚ್ಚಾಕೆ ನಿಂಗೆ ಬೇರೆ ಏನೂ ಸಿಗ್ಲಿಲ್ವಾ?” ಎಂದೆ.

“ಮೊದ್ಲು ಹಿಟ್ಟಿನ ಡಬ್ಬ ಮುಚ್ತಿದ್ದೋರು ನೀವೇ ಅಲ್ವಾ ಅತ್ತೆ? ಹಿಟ್ಟಿಗೆ ಆಗಿದ್ದು ಮೊಸರಿಗೆ ಆಗಲ್ವಾ?” ಎಂದಳು.

ಮಾತಿನಲ್ಲಿ ಸೋತಾಗ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಮೊಸರು ಹುಳಿಯಾಗಿದೆ ಎಂದು ಬೈದು, ಸ್ಲೇಟನ್ನು ತೊಳೆದು ಕಿಟಕಿಯಲ್ಲಿಟ್ಟೆ.

ಸ್ಲೇಟು ಎಂದರೆ ಈಗಿನ ಪ್ಲಾಸ್ಟಿಕ್ ಹಲಗೆ ಎಂದುಕೊಳ್ಳಬೇಡಿ. ಹಿಂದಿನ ಕಾಲದ ಕಲ್ಲಿನ ಸ್ಲೇಟು, ನನ್ನ ಮಗ ಬಸವರಾಜ ಚಿಕ್ಕವನಿದ್ದಾಗ ಬರೆದದ್ದು. ಮರದ ಚೌಕಟ್ಟು ಯಾವಾಗಲೋ ಒಲೆಗೆ ಹೋಯಿತು. ಒಂದು ಮೂಲೆ ಮುರಿದಿದೆ. ನಡುವೆ ಬೆರಳಾಡಿಸಿದರೆ ಸ್ವಲ್ಪ ತಗ್ಗು ಸಿಗುತ್ತದೆ. ಆ ತಗ್ಗು ನಾನು ಮಾಡಿದ್ದು. ನನ್ನ ಗಂಡನ ಕ್ಷೌರದ ಕತ್ತಿಯನ್ನು ಅದರ ಮೇಲೆ ಮಸೆದು ಮಸೆದು ಆದ ತಗ್ಗು. ಗಂಡ ಹೋಗಿ ವರ್ಷಗಳಾದ ಮೇಲೆ ಅವನ ಕತ್ತಿ ನಿನಗೇಕೆ ಬೇಕಾಯಿತು ಎಂದು ಕೇಳುತ್ತೀರಿ. ಎಮ್ಮೆ ಬೋಳಿಸುವುದಕ್ಕೆ.

ನಗುವವರು ನಕ್ಕು ಮುಗಿಸಿ. ಎಮ್ಮೆಗೂ ಕ್ಷೌರ ಬೇಕು. ಚಳಿಗಾಲದಲ್ಲಿ ಅದರ ಮೈಮೇಲೆ ಕೂದಲು ಬೆಳೆಯುತ್ತದೆ, ಕೂದಲ ಬುಡದಲ್ಲಿ ಹೇನು ಕೂರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರುವ ಮೊದಲು ಮೈಪೂರ್ತಿ ಬೋಳಿಸಿ ಹೊಂಗೆಣ್ಣೆ ತಿಕ್ಕಿದರೆ ಎಮ್ಮೆ ಹೊಸ ಬಾಣಲೆಯ ಹಾಗೆ ಹೊಳೆಯುತ್ತದೆ. ನಮ್ಮ ಗಂಡಸಿ ಹೋಬಳಿಯ ಹಳ್ಳಿಗಳಲ್ಲಿ ಈ ಕೆಲಸಕ್ಕೆ ರಂಗಪ್ಪನೆಂಬ ಒಬ್ಬನೇ ಮನುಷ್ಯ ಬರುತ್ತಿದ್ದ. ಕಂಕುಳಲ್ಲಿ ತಗಡಿನ ಪೆಟ್ಟಿಗೆ, ಬಾಯಲ್ಲಿ ತನ್ನ ಹೊಗಳಿಕೆ. ಮಾಲೇಕಲ್ಲು ಬೆಟ್ಟದ ಬುಡದಲ್ಲಿ ಹರಕೆಯ ತಲೆ ಬೋಳಿಸುವವನೂ ಅವನೇ. ಭಕ್ತರಿಗೆ ಬೇರೆ ಕತ್ತಿ, ಎಮ್ಮೆಗೆ ಬೇರೆ ಕತ್ತಿ ಎಂದು ಆಣೆ ಇಡುತ್ತಿದ್ದ. ನಾನು ನಂಬಿರಲಿಲ್ಲ. ಆದರೆ ಅವನು ಕೈಯಿಟ್ಟರೆ ಎಂಥ ಹಾಯುವ ಎಮ್ಮೆಯೂ ಕಣ್ಣು ಮುಚ್ಚಿ ನಿಲ್ಲುತ್ತಿತ್ತು, ಅದು ನಾನು ಕಣ್ಣಾರೆ ಕಂಡದ್ದು. ನನ್ನ ಗಂಡ ಅದೇ ರಂಗಪ್ಪನ ಕೈಗೆ ತನ್ನ ಗಲ್ಲ ಕೊಡಲು ಹೆದರುತ್ತಿದ್ದರು. “ಎಮ್ಮೆ ಮುಟ್ಟಿದ ಕೈ” ಎಂದು ತಾವೇ ಬೋಳಿಸಿಕೊಂಡು, ಗಾಯಗಳಿಗೆ ಪೇಪರಿನ ಚೂರು ಅಂಟಿಸಿಕೊಂಡು ಊರೆಲ್ಲ ಓಡಾಡುತ್ತಿದ್ದರು. ಎಮ್ಮೆಯ ಮೈಮೇಲೆ ಒಂದು ಗೆರೆ ಗಾಯ ಇರುತ್ತಿರಲಿಲ್ಲ.

ಆಮೇಲೆ ರಂಗಪ್ಪನ ಕಣ್ಣಿಗೆ ಪೊರೆ ಬಂತು. ಅರಸೀಕೆರೆಯಲ್ಲಿ ಸಲೂನು ಇಟ್ಟಿರುವ ಮಗನ ಮನೆಗೆ ಹೋದ. ಬೇರೆ ಯಾರೂ ಆ ಕೆಲಸಕ್ಕೆ ಬರಲಿಲ್ಲ. ಒಂದು ಬೇಸಿಗೆ ಹಾಗೇ ಹೋಯಿತು, ಇನ್ನೊಂದೂ ಹೋಯಿತು. ಹೋದ ವರ್ಷದ ಹೊತ್ತಿಗೆ ನಮ್ಮ ಎಮ್ಮೆಯ ಮೈ ಹಳೇ ಕಂಬಳಿಯಂತಾಗಿ, ಹೇನು ಎದ್ದು ಕಾಣುತ್ತಿತ್ತು. ಹಗಲೆಲ್ಲ ಹಿತ್ತಲ ತೆಂಗಿನ ಮರಕ್ಕೆ ಮೈ ಉಜ್ಜುತ್ತಿತ್ತು. ಗರ್ ಗರ್, ಗರ್ ಗರ್. ಒಲೆ ಮುಂದೆ ಕೂತರೂ ಅದೇ ಸದ್ದು, ಜಗಲಿಯಲ್ಲಿ ಮಲಗಿದರೂ ಅದೇ ಸದ್ದು. ಉಜ್ಜಿ ಉಜ್ಜಿ ಭುಜ ಹುಣ್ಣಾಯಿತು. ಹಾಲು ಕರೆಯಲು ಕೂತರೆ ಸೊರ ಬಿಡದೆ ಒದೆಯುತ್ತಿತ್ತು.

ದನದ ಡಾಕ್ಟರಮ್ಮ ಬಂದು ನೋಡಿದರು. “ಔಷಧಿ ಕೊಡ್ತೀನಿ ಅಜ್ಜಿ. ಆದ್ರೆ ಈ ಕೂದ್ಲು ಮೇಲೆ ಹಚ್ಚಿದ್ರೆ ಕೂದ್ಲಿಗೇ ಹತ್ತುತ್ತೆ, ಹೇನಿಗೆ ತಾಗಲ್ಲ. ಮೊದ್ಲು ಬೋಳಿಸಿ. ಚರ್ಮ ಮಾತ್ರ ಕುಯ್ಯಬಾರದು, ನೊಣ ಕೂತು ಹುಳ ಆಗ್ತವೆ” ಎಂದರು.

ಬಸವರಾಜ ತನ್ನ ಗಡ್ಡದ ಕರೆಂಟು ಮಿಷನ್ನು ತಂದು ಎಮ್ಮೆಯ ಭುಜಕ್ಕಿಟ್ಟ. ಮಿಷನ್ನು ಒಮ್ಮೆ ಗೊರಕೆ ಹೊಡೆದು ನಿಂತಿತು, ಮತ್ತೆ ಏಳಲಿಲ್ಲ. ಅಂಗಡಿಯ ಬ್ಲೇಡು ತಂದ. ಎರಡು ಸಲ ಎಳೆಯುವುದರಲ್ಲಿ ಕೂದಲು ಸಿಕ್ಕಿ ಮುರಿಯಿತು. ಅವನ ತಾಳ್ಮೆಯೂ ಮುರಿಯಿತು.

“ಅವ್ವಾ, ಇದ್ನ ಸಂತೆಗೆ ಹೊಡ್ಯಾನ. ಟೆಂಪೋದವ್ನಿಗೂ ಹೇಳಿದೀನಿ.”

“ಹೇನು ಹತ್ತಿ ಹಾಲು ಬತ್ತಿರೋ ಎಮ್ಮೇನ ಯಾವ ರೈತ ಕೊಳ್ತಾನ್ಲಾ?”

ಅಂಥ ಎಮ್ಮೆಯನ್ನು ಕೊಳ್ಳುವವರು ಯಾರು, ಯಾಕೆ ಕೊಳ್ಳುತ್ತಾರೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ನಾನು ದನಕರು ತಬ್ಬಿಕೊಂಡು ಅಳುವವಳಲ್ಲ. ಎಮ್ಮೆಗೆ ಹೆಸರು ಕೂಡ ಇಟ್ಟಿಲ್ಲ. ಮುದಿಯಾಗಿ ಹೋದರೆ ಬೇರೆ ಮಾತು. ಇನ್ನೂ ಕರು ಹಾಕುವ ವಯಸ್ಸಿನ ಎಮ್ಮೆ, ಕೂದಲು ತೆಗೆಯುವವರಿಲ್ಲವೆಂಬ ಒಂದೇ ಕಾರಣಕ್ಕೆ ಕಟುಕರ ಪಾಲಾಗುವುದೆಂದರೆ ನನಗೆ ನಾಚಿಕೆ.

“ಸಂತೆ ತನಕ ನಂಗೆ ಬುಡು. ನಾನೇ ಬೋಳ್ಸ್ತೀನಿ” ಎಂದೆ.

“ಕುಯ್ದುಬುಟ್ರೆ?”

“ಒಂದು ಗಾಯ ಆದ್ರೂ ಹೊಡ್ಕೊಂಡ್ ಹೋಗು. ನಾನು ಕೇಳಾಕಿಲ್ಲ.”

ಮಾತು ಕೊಟ್ಟ ಮೇಲೆ ಅಟ್ಟ ಹತ್ತಿ ಗಂಡನ ಪೆಟ್ಟಿಗೆ ಇಳಿಸಿದೆ. ಕತ್ತಿ ಇತ್ತು. ಮಡಚುವ ಕತ್ತಿ, ಕೋಡಿನ ಹಿಡಿ. ಅರೇಹಳ್ಳಿಯ ಕಡೆ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾಗ ಅವರಿಗೆ ಯಾರೋ ಕೊಟ್ಟದ್ದು. ಬಾಯಿ ಗರಗಸದಂತಾಗಿ, ಅದರಲ್ಲಿ ಬೆಣ್ಣೆಯೂ ಕುಯ್ಯುವಂತಿರಲಿಲ್ಲ. ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅರಸೀಕೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದು ಬಿಚ್ಚಿಕೊಂಡರೆ ಏನು ಗತಿ ಎಂದು ನೆಟ್ಟಗೆ ಕೂತಿದ್ದೆ. ಪಕ್ಕದವಳು “ಬೆನ್ನು ನೋವಾ ಅಜ್ಜಿ?” ಎಂದು ಕೇಳಿದಳು.

ಸಲೂನಿನ ಹಿಂದಿನ ಕೋಣೆಯಲ್ಲಿ ರಂಗಪ್ಪ ಕೂತಿದ್ದ. ಮುಖ ಕಾಣದಿದ್ದರೂ ದನಿ ಹಿಡಿದ.

“ಯಾರು, ನಂಜಕ್ಕನಾ? ಇನ್ನೂ ಇದೀಯಾ?”

“ನೀನಿರೋವಾಗ ನಾನ್ಯಾಕೆ ಹೋಗ್ಲಿ? ಎಮ್ಮೆ ಬೋಳಿಸ್ಬೇಕು. ಮಗನ್ನ ಕಳ್ಸು.”

ಮುಂದಿನ ಕೋಣೆಯಿಂದ ಮಗ ಓಡಿ ಬಂದ. “ಅಜ್ಜಿ, ಮೆಲ್ಲಗ್ ಮಾತಾಡಿ. ಎಮ್ಮೆ ಬೋಳ್ಸೋರ ಅಂಗಡಿ ಅಂತ ಗೊತ್ತಾದ್ರೆ ನಾಳೆ ಗಿರಾಕಿ ಬರಾಕಿಲ್ಲ.”

“ಹಂಗಾದ್ರೆ ನಿಮ್ಮಪ್ಪನ ಕಲ್ಲು ಕೊಡು. ನಾನೇ ಮಸ್ಕೊಂಡು ಬೋಳ್ಸ್ತೀನಿ.”

“ಕಲ್ಲಾ?” ರಂಗಪ್ಪ ಮಡಿಲಲ್ಲಿದ್ದ ಪೆಟ್ಟಿಗೆಯನ್ನು ತಬ್ಬಿಕೊಂಡ. “ನನ್ ಹೆಂಡ್ತಿಗೇ ಮುಟ್ಟಾಕೆ ಬುಟ್ಟಿಲ್ಲ, ನಿಂಗೆ ಕೊಡ್ತೀನಾ? ಬೇಕಾದ್ರೆ ಕಲ್ತ್ಕೊಂಡು ಹೋಗು. ನನ್ನಂಗೆ ಮಸೆಯೋನು ಈ ಸೀಮೇಲೇ ಇಲ್ಲ.”

ಬೈದುಕೊಂಡೇ ಕೂತೆ. ಅವನು ಕಲ್ಲು ತೆಗೆದು, ಉಗುಳು ಹಾಕಿ, ಕತ್ತಿಯನ್ನು ಅದರ ಮೇಲೆ ಅಂಗಾತ ಮಲಗಿಸಿದ. ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ಜಾರಿಸಬೇಕು, ಕಲ್ಲಿನಿಂದ ತೆಳ್ಳಗೆ ಕೆನೆ ತೆಗೆಯುವ ಹಾಗೆ. ಕೊನೆಗೆ ಬಂದಾಗ ಬೆನ್ನಿನ ಮೇಲೆ ಮಗುಚಬೇಕು, ಬಾಯಿಯ ಮೇಲೆ ಮಗುಚಿದರೆ ಮಾಡಿದ್ದೆಲ್ಲ ನೀರುಪಾಲು. ಇಷ್ಟೇ. ನೋಡುವುದಕ್ಕೆ ಚಪಾತಿ ಮಗುಚಿದಷ್ಟು ಸುಲಭ.

ನಾನು ಹಿಡಿದ ಕೂಡಲೇ ನನ್ನ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ಇಳಿಯಿತು. ಜೀವಮಾನವೆಲ್ಲ ಕುಡುಗೋಲು ಮಸೆದ ಕೈ. ಓರೆ ಹಿಡಿದು ಒತ್ತಿ ಉಜ್ಜಿದೆ. ರಂಗಪ್ಪ ಕೈಮೇಲೆ ಪಟ್ಟೆಂದು ಹೊಡೆದ.

“ರಾಗಿ ಕುಯ್ಯಾಕೆ ಹೊಂಟಿದೀಯಾ? ಒತ್ತಬ್ಯಾಡ. ಕತ್ತಿ ಭಾರ ಕತ್ತಿಗೇ ಸಾಕು, ನಿನ್ ಭಾರ ಯಾಕೆ? ಕಿವಿ ಕೊಡು. ಬಾಯಿ ಒಡ್ಡಾಗಿರೋವಾಗ ಗರ್ ಗರ್ ಅಂತದೆ. ಹದಕ್ಕೆ ಬಂದಂಗೆ ಸದ್ದು ಸಣ್ಣಾಯ್ತದೆ. ಕೊನೇಗೆ ಸದ್ದೇ ಇರಾಕಿಲ್ಲ. ಅವಾಗ ನಿಲ್ಸು.”

ಗಂಡ ಕೂಡ ನನ್ನ ಕೈಗೆ ಹಾಗೆ ಹೊಡೆದವರಲ್ಲ. ಸಿಟ್ಟು ಬಂತು, ಆದರೆ ಎಮ್ಮೆಯ ನೆನಪಾಗಿ ನುಂಗಿಕೊಂಡೆ. ಹೊರಡುವಾಗ ಎಂಥ ಕಲ್ಲು ಹುಡುಕಬೇಕೆಂದು ಕೇಳಿದರೆ, “ನುಣ್ಣಗಿರ್ಬೇಕು. ಉಗುರಾಡಿಸಿದ್ರೆ ತರಿ ಸಿಗಬಾರ್ದು” ಎಂದ.

ನುಣುಪಾದ ಕಲ್ಲು ಎಂದಮೇಲೆ ನಾನು ಹುಡುಕುವುದೇನು ಬಂತು? ನನ್ನ ತವರು ಹಳೇಬೀಡು. ದೇವಸ್ಥಾನದ ಕಂಬಕ್ಕೆ ಕೆನ್ನೆಯಿಟ್ಟು ತಂಪು ಮಾಡಿಕೊಂಡು ಬೆಳೆದವಳು ನಾನು. ಕಲ್ಲಿನಲ್ಲಿ ಬಳೆ, ಕಲ್ಲಿನಲ್ಲಿ ಜಡೆ, ಉಗುರಿನ ಕಣ್ಣು ಕೂಡ ಕೆತ್ತಿದ ಊರು. ನಮ್ಮೂರ ಕಲ್ಲಿಗಿಂತ ನುಣುಪಾದ ಕಲ್ಲು ಭೂಮಿಯ ಮೇಲಿದೆ ಎಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಅಲ್ಲಿ ಕಲ್ಲಿನ ಆನೆ ಮಾರುವ ನನ್ನ ತಮ್ಮನ ಮಗನಿಗೆ ಫೋನು ಮಾಡಿಸಿದೆ. ಅವನು ಉಜ್ಜಿ ಕನ್ನಡಿ ಮಾಡಿದ ಒಂದು ತುಂಡನ್ನು ಬಸ್ಸಿನಲ್ಲಿ ಕಳಿಸಿದ. ಉಗುರಾಡಿಸಿದೆ. ತರಿಯ ಸುಳಿವಿಲ್ಲ. ಹೆಮ್ಮೆಯಿಂದ ಮಂಜುಳನಿಗೂ ತೋರಿಸಿದೆ. ರಂಗಪ್ಪನ ಕಲ್ಲು ಇದರ ಮುಂದೆ ಯಾವ ಮೂಲೆಗೆ ಎಂದೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಸೆದೆ. ಮೊದಲ ಎಳೆತಕ್ಕೇ ಸದ್ದಿಲ್ಲ. ಆಹಾ ಎಂದುಕೊಂಡೆ. ಬೂದಿಬಣ್ಣದ ಹಿಟ್ಟು ಬೇರೆ ಧಾರಾಳವಾಗಿ ಬೀಳುತ್ತಿತ್ತು. ಕಬ್ಬಿಣ ಹೇಗೆ ಸವೆಯುತ್ತಿದೆ ನೋಡು ಎಂದು ಮಂಜುಳನಿಗೆ ಹೇಳಿದೆ. ಅವಳು ಕತ್ತಿ ತೆಗೆದುಕೊಂಡು ಒಂದು ನೂಲಿಗೆ ಇಟ್ಟು ನೋಡಿದಳು. ನೂಲು ಬಾಗಿತು, ತುಂಡಾಗಲಿಲ್ಲ. ಕತ್ತಿ ಹೇಗಿತ್ತೋ ಹಾಗೇ ಇತ್ತು. ಕಲ್ಲಿನ ನಡುವೆ ಮಾತ್ರ ದೊಡ್ಡ ಹಳ್ಳ.

ತಪ್ಪು ಕತ್ತಿಯದೇ ಎಂದೆ. ನಮ್ಮೂರ ಕಲ್ಲು ಸೋಲುತ್ತದೆಯೇ? ಮಂಜುಳ ನನ್ನ ಮಾತಿಗೆ ಕಾಯದೆ ರಂಗಪ್ಪನಿಗೆ ಫೋನು ಹಚ್ಚಿದಳು. ಅವನು ಕೆಮ್ಮು ಬರುವವರೆಗೆ ನಕ್ಕ.

“ಬಳಪದ ಕಲ್ಲಲ್ಲಿ ಕತ್ತಿ ಮಸೆದ್ಯಾ? ಅದು ಉಳಿ ಮುಟ್ಟಿದ್ರೆ ಬೆಣ್ಣೆ ಆಗೋ ಕಲ್ಲು ಕಣಕ್ಕ. ಅದಕ್ಕೇ ಅಲ್ವಾ ನಿಮ್ಮೂರೋರು ಅದ್ರಲ್ಲಿ ಅಷ್ಟು ಚೆಂದ ಕೆತ್ತಿದ್ದು? ನೀನು ಮಸೆದಿಲ್ಲ, ಇನ್ನೊಂದು ದೇವಸ್ಥಾನ ಕಟ್ಟಾಕೆ ಹೊಂಟಿದ್ದೆ!”

ಫೋನಿಟ್ಟ ಮೇಲೂ ಮಂಜುಳ ನಗುತ್ತಿದ್ದಳು. ನಾನು ಆ ಹಳ್ಳಬಿದ್ದ ಕಲ್ಲನ್ನು ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಕೂತೆ. ಸಂತೆ ಹತ್ತಿರ ಬರುತ್ತಿತ್ತು. ಎಮ್ಮೆ ಗರ್ ಗರ್ ಎಂದು ಮರ ಉಜ್ಜುತ್ತಿತ್ತು.

ಬಳಪ ಎಂದ ಕೂಡಲೇ ನನಗೆ ನೆನಪಾಗುವುದು ಅದರ ರುಚಿ. ಶಾಲೆಯಲ್ಲಿ ನಾನು ಬರೆದದ್ದಕ್ಕಿಂತ ತಿಂದ ಬಳಪವೇ ಹೆಚ್ಚು. ಮಳೆ ಬಿದ್ದ ನೆಲದ ವಾಸನೆ ಇರುತ್ತಿತ್ತು, ಹಲ್ಲಿಗೆ ಮೆತ್ತಗೆ ಸಿಗುತ್ತಿತ್ತು. ಬರೆ ಎಂದು ಮೇಷ್ಟ್ರು ಕೊಟ್ಟ ಬಳಪ ‘ಅ’ ಮುಗಿಯುವುದರೊಳಗೆ ಹೊಟ್ಟೆ ಸೇರುತ್ತಿತ್ತು. “ನಿನ್ನ ವಿದ್ಯೆಯೆಲ್ಲ ಹೊಟ್ಟೆಯೊಳಗೈತೆ ಕಣೇ” ಎಂದು ಬೈಯುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆಯೂ ಮುಗಿಯಿತು, ಬಳಪವೂ ಮುಗಿಯಿತು. ಸ್ಲೇಟು ಮಾತ್ರ ಹಾಗೇ ಉಳಿದು ತಮ್ಮನಿಗೆ ಹೋಯಿತು.

ಅಷ್ಟು ದೂರ ಯೋಚನೆ ಹೋದಾಗ ತಲೆಯೊಳಗೆ ಏನೋ ತಟ್ಟಿತು. ಬಳಪವನ್ನು ಸ್ಲೇಟಿನ ಮೇಲೆ ಉಜ್ಜಿದರೆ ಸವೆಯುವುದು ಯಾವುದು? ಬಳಪ. ಒಂದು ಸ್ಲೇಟು ಎಷ್ಟು ಮಕ್ಕಳ ಬಳಪ ತಿಂದರೂ ಸವೆಯುವುದಿಲ್ಲ. ಅದೂ ಕಲ್ಲೇ. ಅದೂ ನುಣ್ಣಗೇ. ಎದ್ದು ಹೋಗಿ ಹಿಟ್ಟಿನ ಡಬ್ಬದ ಮೇಲಿನ ಸ್ಲೇಟನ್ನು ತೆಗೆದು ಸೆರಗಿನಲ್ಲಿ ಒರೆಸಿದೆ. ಉಗುರಾಡಿಸಿದೆ. ತರಿಯಿಲ್ಲ. ಕತ್ತಿ ಇಟ್ಟು ಎಳೆದೆ.

ಗರ್ ಎಂದಿತು. ಆ ಗರ್ ಕೇಳಿ ನನಗಾದ ಸಂತೋಷ ಬಸವರಾಜ ಹುಟ್ಟಿದಾಗ ಅತ್ತ ಸದ್ದು ಕೇಳಿದಾಗಲೂ ಆಗಿರಲಿಲ್ಲ.

ಮರುದಿನ ಸ್ಲೇಟಿಗೆ ನೀರು ಹಾಕಿ ಮಸೆಯಲು ಕೂತೆ. ಮಂಜುಳ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಹಿಡಿದಳು. ಅತ್ತ ಕಡೆಯಿಂದ ರಂಗಪ್ಪ ಸದ್ದು ಕೇಳಿಯೇ ಬೈಯುತ್ತಿದ್ದ. “ಒತ್ತಿದೆ, ಒತ್ತಿದೆ. ಕೈ ಹಗುರ ಮಾಡು. ಹಾಂ. ಈಗ ಮಗುಚಿದ್ದು ತಪ್ಪು. ಬೆನ್ ಮ್ಯಾಲೆ, ಬೆನ್ ಮ್ಯಾಲೆ.” ಕಣ್ಣು ಕಾಣದವನು ಅರಸೀಕೆರೆಯಲ್ಲಿ ಕೂತು ನನ್ನ ಕೈ ನೋಡುತ್ತಿದ್ದಾನೆ ಎನ್ನಿಸಿತು. ಸದ್ದು ಸಣ್ಣಗಾಗುತ್ತ ಹೋಯಿತು. ಆಮೇಲೆ ಫೋನಿನಲ್ಲಿ, “ಹಲೋ? ಹಲೋ? ನಂಜಕ್ಕ?”

“ನೆಟ್‌ವರ್ಕ್ ಹೋಯ್ತೇನೋ” ಎಂದು ಮಂಜುಳ ಫೋನು ಅಲ್ಲಾಡಿಸಿದಳು.

“ನೆಟ್‌ವರ್ಕ್ ಅಲ್ಲ ಕಣೇ, ಇಲ್ಲಿ ನೋಡು” ಎಂದೆ. ನನ್ನ ಕೈ ಇನ್ನೂ ಹೋಗಿ ಬರುತ್ತಿತ್ತು. ಕತ್ತಿ ಸ್ಲೇಟಿನ ಮೇಲೆ ಓಡುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ.

“ಹಂಗಾದ್ರೆ ಸಾಕು, ನಿಲ್ಸು” ಎಂದ ರಂಗಪ್ಪ. ಅವನ ಮಾತಿನಂತೆ ಗಂಡನ ಹಳೇ ಬೆಲ್ಟನ್ನು ಕಂಬಕ್ಕೆ ಕಟ್ಟಿ, ಈ ಸಲ ಬೆನ್ನು ಮುಂದಾಗಿ ಎಳೆದು ಬಾಯಿ ನಯ ಮಾಡಿದೆ. ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಇಳಿಬಿಟ್ಟು ಕತ್ತಿಗೆ ತಾಗಿಸಿದೆ. ಅರ್ಧ ನೆಲಕ್ಕೆ ಬಿತ್ತು. ಮಗ ಆ ಸ್ಲೇಟಿನಿಂದ ಕಲಿತದ್ದಕ್ಕಿಂತ ಕತ್ತಿ ಹೆಚ್ಚು ಕಲಿತಿತ್ತು.

ಸಂತೆಯ ದಿನ ಬೆಳಿಗ್ಗೆಯೇ ಎಮ್ಮೆಯನ್ನು ತೊಳೆದು ಸೋಪಿನ ನೊರೆ ಹಚ್ಚಿದೆವು. ಬಸವರಾಜ ಮುಖ ಗಂಟಿಕ್ಕಿಕೊಂಡು ಹಗ್ಗ ಹಿಡಿದ. ಎಡಗೈಯಲ್ಲಿ ಚರ್ಮ ಬಿಗಿಹಿಡಿದು ಬೆನ್ನಿನ ಮೇಲೆ ಮೊದಲ ಎಳೆತ ಎಳೆದೆ. ಕೂದಲು ಕಂಬಳಿಯ ಹಾಗೆ ಸುರುಳಿ ಸುತ್ತಿಕೊಂಡು ಬಂತು, ಕೆಳಗೆ ಕರಿ ಚರ್ಮ ನೀಟಾಗಿ ಕಂಡಿತು. ಎಮ್ಮೆ ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು. ಒಂದು ಮಗ್ಗುಲು ಮುಗಿಯಿತು. ಗಾಯವಿಲ್ಲ.

ಇನ್ನೊಂದು ಮಗ್ಗುಲಿಗೆ ಬಂದಾಗ ಕತ್ತಿ ಹಿಡಿಯತೊಡಗಿತು. ಎಷ್ಟು ತೊಳೆದರೂ ಕೂದಲ ಬುಡದಲ್ಲಿ ಕೆರೆಯ ಮಣ್ಣಿರುತ್ತದೆ, ಅದು ಕತ್ತಿಯ ಬಾಯಿ ತಿಂದಿತ್ತು. ಕತ್ತಿ ಎಳೆದಾಗ ಎಮ್ಮೆ ಹಿಂಗಾಲು ಎತ್ತಿತು. ಅದೇ ಹೊತ್ತಿಗೆ ಟೆಂಪೋ ಬಂದು ಹಿತ್ತಲ ಬೇಲಿಯ ಹತ್ತಿರ ಡಬ ಡಬ ಎನ್ನುತ್ತ ನಿಂತಿತು.

ಡ್ರೈವರು ಇಣುಕಿ ನೋಡಿ ನಕ್ಕ. “ಏನ್ಲಾ ಬಸವರಾಜ, ಅರ್ಧ ಎಮ್ಮೆ ಸಂತೆಗೆ, ಅರ್ಧ ಎಮ್ಮೆ ಮನೆಗಾ?”

ಬಸವರಾಜನ ಮುಖ ಕೆಂಪಾಯಿತು. “ಸಾಕು ಬುಡವ್ವ. ಕುಯ್ದುಬುಡ್ತೀಯ. ಹತ್ಸಾನ.”

ನಾನು ಅವನಿಗೆ ಉತ್ತರ ಕೊಡದೆ ಬಕೆಟ್ಟು ಬೋರಲು ಹಾಕಿ ಕೂತು, ಸ್ಲೇಟನ್ನು ಮೊಣಕಾಲ ಮೇಲಿಟ್ಟುಕೊಂಡೆ. ರಂಗಪ್ಪನಿಗೆ ಫೋನು ಮಾಡಲು ಹೊತ್ತಿರಲಿಲ್ಲ. ಕತ್ತಿ ಜಾರಿಸಿದೆ. ಏನೂ ಕೇಳಲಿಲ್ಲ. ಹದ ಬಂದು ಕೇಳದಿದ್ದದ್ದಲ್ಲ, ಟೆಂಪೋದ ಗಲಾಟೆಯಲ್ಲಿ ಕೇಳದಿದ್ದದ್ದು. ಅದು ಯಾವುದು, ಇದು ಯಾವುದು ಎಂದು ತಿಳಿಯದೆ ಕತ್ತಿಯನ್ನು ಎಮ್ಮೆಯ ಹೊಟ್ಟೆಯ ಕೆಳಗೆ, ಕೆಚ್ಚಲ ಪಕ್ಕದ ತೆಳು ಚರ್ಮದ ಮೇಲೆ ಇಡುವುದು ಹೇಗೆ?

“ಇಂಜಿನ್ ಆರ್ಸಪ್ಪ” ಎಂದು ಕೂಗಿದೆ.

“ಯಾಕಜ್ಜಿ?”

“ನನ್ ಕತ್ತಿ ಏನಂತದೆ ಅಂತ ಕೇಳ್ಬೇಕು. ಆರ್ಸು!”

ಅವನು ಬಸವರಾಜನ ಮುಖ ನೋಡಿದ. ಬಸವರಾಜ ನನ್ನ ಮುಖ ನೋಡಿದ. ಆಮೇಲೆ ಕೈ ಎತ್ತಿ, “ಆರ್ಸಲಾ, ಒಂದ್ಗಳಿಗೆ” ಎಂದ.

ಇಂಜಿನ್ ನಿಂತಿತು. ಹಿತ್ತಲೆಲ್ಲ ನಿಶ್ಶಬ್ದ. ಗರ್ ಗರ್ ಎಂದು ನನ್ನ ಕತ್ತಿ ಒಂದೇ ಮಾತಾಡುತ್ತಿತ್ತು. ಒತ್ತಲಿಲ್ಲ. ಅವಸರವಿದ್ದಾಗ ಒತ್ತದೆ ಇರುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಲಾರೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸದ್ದು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಆಮೇಲೆ ಇಲ್ಲ.

ಬೆಲ್ಟಿಗೆ ನಾಲ್ಕು ಸಲ ಎಳೆದು ಎದ್ದೆ. ಹೊಟ್ಟೆಯ ಕೆಳಗೆ ಕೂತು, ಉಸಿರು ಬಿಗಿಹಿಡಿದು ಬೋಳಿಸಿದೆ. ಕೆಚ್ಚಲ ಸುತ್ತ ಬೋಳಿಸಿದೆ. ಕೊರಳ ಮಡಿಕೆಯಲ್ಲೂ ಬೋಳಿಸಿದೆ. ಬಾಲದ ತುದಿಗೆ ಒಂದು ಕುಚ್ಚು ಬಿಟ್ಟೆ, ರಂಗಪ್ಪ ಬಿಡುತ್ತಿದ್ದ ಹಾಗೆ. ಮುಗಿಸಿ ನೋಡಿದರೆ ಎಮ್ಮೆ ಕಣ್ಣು ಮುಚ್ಚಿ ನಿಂತಿತ್ತು.

ಬಸವರಾಜ ಸುತ್ತಲೂ ತಿರುಗಿ, ಬಗ್ಗಿ, ಕಿವಿಯ ಹಿಂದೆ ಕೂಡ ನೋಡಿದ. ಹಳೇ ಹುಣ್ಣು ಬಿಟ್ಟರೆ ಒಂದು ಗೀರೂ ಸಿಗಲಿಲ್ಲ. ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಅವನು “ಇನ್ಮೇಲೆ ನಾನೂ ನಿಮ್ಮನೆಗೇ ಕಟಿಂಗಿಗೆ ಬತ್ತೀನಿ” ಎಂದು ಕೂಗಿ ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ. ಮಂಜುಳ ಡಾಕ್ಟರಮ್ಮನ ಔಷಧಿ ಹಚ್ಚಿದಳು. ಬಸವರಾಜ ನಲ್ಲಿಯ ಕೆಳಗೆ ಸ್ಲೇಟನ್ನು ತೊಳೆಯುತ್ತ ತಿರುಗಿಸಿ ತಿರುಗಿಸಿ ನೋಡಿದ.

“ಅವ್ವಾ, ಇದು ನನ್ ಸ್ಲೇಟಲ್ವಾ?”

“ಹೂಂ. ಇವತ್ತು ಪಾಸಾಯ್ತು” ಎಂದೆ.

ಊಟ ಮಾಡಿ ಜಗಲಿಯಲ್ಲಿ ಅಡ್ಡಾದೆ. ಕಣ್ಣು ಹತ್ತಿದ್ದೇ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಇಳಿದಿತ್ತು, ಏನೋ ಸರಿಯಿಲ್ಲ ಎನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಗರ್ ಗರ್ ಇರಲಿಲ್ಲ. ಹಿತ್ತಲಿನಿಂದ ಒಂದು ಸದ್ದೂ ಇರಲಿಲ್ಲ. ನಾನು ಮಲಗಿದ್ದು ನೋಡಿ ಬಸವರಾಜ ಟೆಂಪೋ ಮತ್ತೆ ಕರೆಸಿಬಿಟ್ಟನೇ? ಮಂಡಿನೋವು ಮರೆತು, ಸೆರಗು ಎಳೆದುಕೊಂಡು ಓಡಿದೆ.

ಎಮ್ಮೆ ಮರದ ಕೆಳಗೆ ಮಲಗಿತ್ತು. ಮೆಲುಕು ಹಾಕುತ್ತಿತ್ತು. ಯಾವ ಮರಕ್ಕೂ ಮೈ ತಾಗಿಸದೆ.

ಅಲ್ಲೇ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಅದು ನನ್ನನ್ನು ನೋಡಿತು, ಆಮೇಲೆ ಮುಖ ತಿರುಗಿಸಿತು. ನಾನೂ ಹೋಗಿ ಮತ್ತೆ ಮಲಗಿಕೊಂಡೆ.